ಇಳಕಲ್ಲಿನ ಕೆಂಪು ಸೆರಗು

ಪುಣೆಯಲ್ಲಿ ಸಂಕ್ರಾಂತಿ ಹತ್ತಿರ ಬಂತೆಂದರೆ ಲಕ್ಷ್ಮೀ ರಸ್ತೆಯ ಬಟ್ಟೆ ಅಂಗಡಿಗಳೆಲ್ಲ ಒಮ್ಮೆಲೇ ಕಪ್ಪಾಗಿಬಿಡುತ್ತವೆ. ಶುಭಕಾರ್ಯಕ್ಕೆ ಸಲ್ಲದೆಂದು ವರ್ಷವಿಡೀ ಹಿಂದಿನ ಕಪಾಟಿನಲ್ಲಿ ಕುಳಿತಿದ್ದ ಕರಿಯ ಸೀರೆಗಳಿಗೆ ಆಗ ಮುಂದಿನ ಪಂಕ್ತಿಯ ಮರ್ಯಾದೆ. ಮರಾಠಿ ಮನೆಗಳಲ್ಲಿ ಹೊಸದಾಗಿ ಮದುವೆಯಾದ ಹೆಣ್ಣುಮಗಳು ಮೊದಲ ಸಂಕ್ರಾಂತಿಗೆ ಕಪ್ಪು ಸೀರೆಯುಟ್ಟು, ಸಕ್ಕರೆಯ ಕಾಳುಗಳಿಂದ ಮಾಡಿದ ಬಿಳಿಯ ಒಡವೆಗಳನ್ನು ತೊಟ್ಟು ಕುಳಿತರೆ ನೋಡಲು ಎರಡು ಕಣ್ಣು ಸಾಲವು. ಚಳಿಗಾಲದಲ್ಲಿ ಕಪ್ಪು ಬಟ್ಟೆ ಬಿಸಿಲನ್ನು ಹೀರಿಕೊಂಡು ಮೈಯನ್ನು ಬೆಚ್ಚಗಿಡುತ್ತದೆ ಎಂದು ಅವರು ಕಾರಣ ಹೇಳುತ್ತಾರೆ. ನಮ್ಮ ಕಡೆಯಿಂದ ಬಂದ ಹಿರಿಯರು ಇದನ್ನು ಕಂಡು ಮೊದಮೊದಲು ಮೂಗು ಮುರಿದದ್ದುಂಟು. ಈಗ ನಮ್ಮ ಮಕ್ಕಳೇ ಕಪ್ಪು ಅಂಗಿ ತೊಟ್ಟು, ಒಂದು ಕೈಯಲ್ಲಿ ನಮ್ಮ ಕುಸುರೆಳ್ಳು, ಇನ್ನೊಂದು ಕೈಯಲ್ಲಿ ಅವರ ತಿಳಗುಳ ಹಿಡಿದು ಮನೆಮನೆ ತಿರುಗುತ್ತವೆ.

ನನ್ನ ಮಟ್ಟಿಗೆ ಹೇಳುವುದಾದರೆ, ವರ್ಷದ ಮುನ್ನೂರ ಅರವತ್ತೈದು ದಿನವೂ ಸಂಕ್ರಾಂತಿಯೇ ಆಗಿತ್ತು. ಕಚೇರಿಗೆ ಸೇರಿದ ಹನ್ನೆರಡು ವರ್ಷಗಳಲ್ಲಿ ನನ್ನ ಕಪಾಟು ಸ್ವಲ್ಪಸ್ವಲ್ಪವಾಗಿ ಕಪ್ಪಾಯಿತು. ಗುಮಾಸ್ತಿಕೆಯವರಿಗೆ ಕಪ್ಪು ಬಹಳ ಅನುಕೂಲದ ಬಣ್ಣ. ಶಾಯಿ ಬಿದ್ದರೆ ತಿಳಿಯದು, ಬಸ್ಸಿನ ಕಂಬಿಯ ಜಿಡ್ಡು ಕಾಣದು, ಬೆಳಿಗ್ಗೆ ಏನು ಉಡಲೆಂದು ಯೋಚಿಸುವ ಕೆಲಸವಿಲ್ಲ. ಒಂದೇ ಒಂದು ತೊಂದರೆ. ಕಪ್ಪಿಗೆ ಕಪ್ಪು ಹೊಂದುವುದಿಲ್ಲ! ನಾಲ್ಕು ಸಲ ಒಗೆಯುವಷ್ಟರಲ್ಲಿ ಒಂದು ಕಂದಿಗೆ ತಿರುಗುತ್ತದೆ, ಇನ್ನೊಂದು ಬೂದಿಗೆ, ಮತ್ತೊಂದು ಹಸಿರಿಗೆ. ಎಲ್ಲ ಕಪ್ಪೇ ಎಂದು ಕೊಂಡ ಬಟ್ಟೆಗಳ ನಡುವೆ ಜೋಡಿ ಹುಡುಕುತ್ತ ನಿಲ್ಲುವ ಹೊತ್ತಿನಲ್ಲಿ ಬಣ್ಣದ ಸೀರೆಗಳನ್ನೇ ಹೊಂದಿಸಬಹುದು. ಆದರೂ ರೂಢಿ ರೂಢಿಯೇ.

ನಮ್ಮ ಮನೆಯಲ್ಲಿ ಬಣ್ಣ ಬಿಟ್ಟ ಇನ್ನೊಬ್ಬರಿದ್ದರು, ನಮ್ಮ ಅವ್ವ. 2015ರಲ್ಲಿ ಅಪ್ಪ ತೀರಿಕೊಂಡ ಮೇಲೆ ಆಕೆ ಪುಣೆಗೆ ನನ್ನ ಬಳಿಗೆ ಬಂದಳು. ಬರುವಾಗ ತನ್ನ ಹಸಿರು, ಕೆಂಪು, ಹಳದಿ ಸೀರೆಗಳನ್ನೆಲ್ಲ ಊರಿನಲ್ಲಿಯೇ ಹಂಚಿ ಬಂದಿದ್ದಳು. ಹಾಗೆ ಮಾಡೆಂದು ಯಾರೂ ಹೇಳಿರಲಿಲ್ಲ. ಮಾಡಬೇಡವೆಂದೂ ಯಾರೂ ಹೇಳಲಿಲ್ಲ. ಅಂದಿನಿಂದ ಬೂದು ಬಣ್ಣ, ತಿಳಿ ಕಂದು, ಇವಿಷ್ಟೇ. ಹೀಗೆ ಎರಡು ಕೋಣೆಯ ಮನೆಯಲ್ಲಿ ತಾಯಿ ಬೂದಿಯಾಗಿ, ಮಗಳು ಇದ್ದಿಲಾಗಿ ಹತ್ತು ವರ್ಷ ಕಳೆದೆವು.

ತಂಗಿಯ ಮದುವೆ ನಿಶ್ಚಯವಾಗದಿದ್ದರೆ ಇನ್ನೂ ಹಾಗೆಯೇ ಇರುತ್ತಿದ್ದೆವೋ ಏನೋ. ಮದುವೆಯ ಸೀರೆಗಳಲ್ಲಿ ಒಂದಾದರೂ ಇಳಕಲ್ಲಿನದಾಗಬೇಕು, ಅದನ್ನು ಊರಿಗೇ ಹೋಗಿ ತರಬೇಕು ಎಂದು ಅವ್ವ ಹಟ ಹಿಡಿದಳು. ಪುಣೆಯ ಅಂಗಡಿಗಳಲ್ಲಿಯೂ ಇಳಕಲ್ ಸೀರೆಗಳು ಸಿಗುತ್ತವಲ್ಲ ಎಂದರೆ, "ಅವು ಸೀರಿ ಇರಬಹುದು, ಇಳಕಲ್ ಅಂತ ಹೆಂಗ ಹೇಳ್ತಿ?" ಎಂದು ಬಾಯಿ ಮುಚ್ಚಿಸಿದಳು. ಕಳೆದ ಫೆಬ್ರವರಿಯಲ್ಲಿ ಮೂರು ದಿನ ರಜೆ ಹಾಕಿ ಹೊರಟೆವು.

ರಾತ್ರಿಯ ಗಾಡಿಯಲ್ಲಿ ಸೋಲಾಪುರ ಮುಟ್ಟಿ, ಅಲ್ಲಿಂದ ಬಸ್ಸಿನಲ್ಲಿ ವಿಜಯಪುರ ದಾಟಿ ದಕ್ಷಿಣಕ್ಕೆ ಸಾಗಿದರೆ ಎರಡೂ ಕಡೆ ಎರೆಯ ಭೂಮಿ. ಕಪ್ಪು ಬಣ್ಣವನ್ನು ಮೆಚ್ಚುವವರು ಒಮ್ಮೆ ಈ ಮಣ್ಣನ್ನು ನೋಡಬೇಕು. ಆ ಕಪ್ಪಿನ ಮೇಲೆ ಹಿಂಗಾರಿನ ಜೋಳ ತೆನೆ ತೂಗಿ ನಿಂತಿತ್ತು. ನಡುನಡುವೆ ಕಡಲೆಯ ಹಸಿರು. ಕುಸುಬೆಯ ಹೊಲಗಳಲ್ಲಿ ಹಳದಿ ಹೂ ಬಲಿತು ಕೇಸರಿಗೆ ತಿರುಗುತ್ತಿತ್ತು. ಈಗ ಕುಸುಬೆಯೆಂದರೆ ನಮಗೆ ಎಣ್ಣೆ ಮಾತ್ರ. ಆದರೆ ಅದರ ಹೂವಿನ ಎಸಳಿನಿಂದ ಹಿಂದಿನವರು ಬಟ್ಟೆಗೆ ಹಳದಿ ಮತ್ತು ಕೆಂಪು, ಎರಡು ಬಣ್ಣಗಳನ್ನು ತೆಗೆಯುತ್ತಿದ್ದರು. ಕೃಷ್ಣೆಯನ್ನು ದಾಟಿ, ಹುನಗುಂದ ಕಳೆದು ಇಳಕಲ್ಲು ಹತ್ತಿರವಾದಂತೆ ಮಣ್ಣಿನ ಬಣ್ಣವೂ ಬದಲಾಗಿ ಕೆಂಪು ಕಲ್ಲು ಕಾಣತೊಡಗುತ್ತದೆ. ಇದು ಪ್ರಸಿದ್ಧವಾದ ಇಳಕಲ್ಲಿನ ಕೆಂಪು ಗ್ರಾನೈಟ್. ದೂರದ ದೇಶಗಳ ಕಟ್ಟಡಗಳಿಗೂ ಹೋಗುವ ಶಿಲೆ. ಊರಿಗೆ ಊರೇ ಬಣ್ಣದ ಕಡೆ ಒಲಿದಿದೆ ಎಂದರೆ ತಪ್ಪಾಗಲಾರದು.

1997ರಲ್ಲಿ ವಿಜಾಪುರ ಜಿಲ್ಲೆಯನ್ನು ಒಡೆದು ಬಾಗಲಕೋಟೆ ಜಿಲ್ಲೆಯನ್ನು ಮಾಡಿದಾಗ ಇಳಕಲ್ಲು ಈ ಹೊಸ ಜಿಲ್ಲೆಗೆ ಸೇರಿತು. ಈ ಊರಿನ ಮಠದಲ್ಲಿದ್ದ ಮಹಾಂತ ಸ್ವಾಮಿಗಳು ಜೋಳಿಗೆ ಹಿಡಿದು ಮನೆಮನೆಗೆ ಹೋಗಿ, ಕಾಳು ಕಾಸು ಬೇಡದೆ ಜನರ ದುಶ್ಚಟಗಳನ್ನೇ ಭಿಕ್ಷೆ ಬೇಡಿದವರು. ಅವರು 2018ರಲ್ಲಿ ಲಿಂಗೈಕ್ಯರಾದರು. ಈ ಸಂಗತಿಯನ್ನು ನಾನು ಅವ್ವನಿಗೆ ಹೇಳಿದಾಗ ಆಕೆ, "ನಿನ್ನ ಕರೀ ಅರಿವಿ ಹಾಕಾಕ ಒಂದ ಜೋಳಿಗಿ ಸಾಲೂದಿಲ್ಲ ಬಿಡು" ಎಂದಳು. ಬಸ್ಸಿನಲ್ಲಿ ಪಕ್ಕದವರೆಲ್ಲ ನಕ್ಕರು.

ಪರಿಚಯದವರು ನಮ್ಮನ್ನು ಒಬ್ಬ ನೇಕಾರರ ಮನೆಗೆ ಕರೆದೊಯ್ದರು. ಬಾಗಿಲಲ್ಲಿಯೇ ಲಾಳಿಯ ಸಪ್ಪಳ. ಪಡಸಾಲೆಯ ನೆಲದಲ್ಲಿ ಕುಣಿ ತೋಡಿ ಮಗ್ಗ ಹೂಡಿದ್ದರು. ಯಜಮಾನರು ಕುಣಿಯಲ್ಲಿ ಕಾಲಿಳಿಬಿಟ್ಟು ಕುಳಿತು ನೇಯುತ್ತಿದ್ದರು. ಅವರ ಹೆಂಡತಿ ಗೋಡೆಗೆ ಒರಗಿ ಕಂಡಿಕೆ ಸುತ್ತುತ್ತಿದ್ದರು. ಮೇಲೆ ಗಳುವಿನಲ್ಲಿ ಬಣ್ಣ ಹಾಕಿದ ನೂಲಿನ ಲಡಿಗಳು: ದಾಳಿಂಬೆ ಕೆಂಪು, ನವಿಲಿನ ಬಣ್ಣ, ಗಿಳಿಹಸಿರು.

ಇಳಕಲ್ ಸೀರೆಯ ಗುಟ್ಟೆಲ್ಲ ಅದರ ಕೊಂಡಿಯಲ್ಲಿದೆ. ಬೇರೆ ಸೀರೆಗಳಲ್ಲಿ ಒಡಲಿಗೂ ಸೆರಗಿಗೂ ಸಾಮಾನ್ಯವಾಗಿ ಒಂದೇ ಹಾಸು. ಇಲ್ಲಿ ಹಾಗಲ್ಲ. ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲು ಹತ್ತಿಯದಿದ್ದರೂ ಸೆರಗು ರೇಷ್ಮೆಯದು, ಇಲ್ಲವೆ ರೇಷ್ಮೆಯಂತೆ ಹೊಳೆಯುವ ನೂಲಿನದು. ಒಡಲಿನ ಎಳೆಗಳನ್ನು ಸೆರಗಿನ ಎಳೆಗಳೊಳಗೆ ಕೊಂಡಿ ಹಾಕಿ ಒಂದೊಂದಾಗಿ ಕೈಯಿಂದಲೇ ಸೇರಿಸಬೇಕು. ಆದ್ದರಿಂದ ಇಲ್ಲಿ ಹತ್ತು ಸೀರೆಗಳ ಹಾಸನ್ನು ಒಟ್ಟಿಗೆ ಹೂಡಿ ನೇಯ್ದು ಕತ್ತರಿಸಿ ಕೊಡುವ ಮಾತೇ ಇಲ್ಲ. ಆರು ಗಜವಿರಲಿ, ಎಂಟು ಇರಲಿ, ಒಂಬತ್ತು ಇರಲಿ, ಪ್ರತಿಯೊಂದು ಸೀರೆಗೂ ಅದರದೇ ಹಾಸು. ಕೊಳ್ಳುವವರು ಒಡಲೂ ಸೆರಗೂ ಕೂಡುವ ಜಾಗವನ್ನು ಹಿಂಬದಿಯಿಂದ ನೋಡಬೇಕು, ಕೊಂಡಿಯ ಗುರುತು ಕೈಗೆ ಹತ್ತುತ್ತದೆ, ಯಂತ್ರದ ಮಗ್ಗದ ಸೀರೆಯಲ್ಲಿ ಅದು ಇರುವುದಿಲ್ಲ ಎಂದು ಯಜಮಾನರು ನನ್ನ ಬೆರಳು ಹಿಡಿಸಿ ತೋರಿಸಿದರು.

ಸೆರಗಿನ ಬಣ್ಣ ಕೆಂಪು, ಅದರಲ್ಲಿ ಬಿಳಿಯ ಚಿತ್ತಾರ. ಇದಕ್ಕೆ ಟೋಪತೆನಿ ಎಂದು ಹೆಸರು. ಜೋಳದ ತೆನೆ, ಕೋಟೆಯ ಕೊತ್ತಳ, ಹಣಿಗೆಯ ಹಲ್ಲು, ಬೆಟ್ಟದ ಸಾಲು, ಹೀಗೆ ಸುತ್ತಮುತ್ತ ಕಂಡದ್ದನ್ನೇ ಸೆರಗಿಗೆ ಇಳಿಸಿದ್ದಾರೆ. ಬೆಳಿಗ್ಗೆ ಬಸ್ಸಿನ ಕಿಟಕಿಯಲ್ಲಿ ಕಂಡ ತೆನೆಗಳು ಮಧ್ಯಾಹ್ನ ಮಗ್ಗದ ಮೇಲೆ ಸಿಕ್ಕವು. ದಡಿಗಳಲ್ಲಿಯೂ ಗೋಮಿ, ಚಿಕ್ಕಿ ಪರಾಸ, ಗಾಡಿ ಎಂದು ಬೇರೆ ಬೇರೆ ಜಾತಿ. ಅವ್ವ ಇವನ್ನೆಲ್ಲ ಯಾರೂ ಹೇಳದೆಯೇ ಗುರುತಿಸುತ್ತ ಹೋದಳು. ಬೂದುಬಣ್ಣದ ಸೀರೆಯುಟ್ಟ ಹೆಂಗಸು ಬಣ್ಣಗಳ ವಿಷಯದಲ್ಲಿ ಇಷ್ಟು ಬಲ್ಲವಳೆಂದು ಆ ಮನೆಯವರಿಗೆ ಆಶ್ಚರ್ಯವಾಯಿತು. ನನಗೂ ಆಯಿತೆನ್ನಿ.

ಬಣ್ಣದ ಮಾತು ಬಂದದ್ದರಿಂದ ಒಂದು ಮಾತು. ನೂಲಿಗೆ ಈಗ ಹಾಕುವುದು ರಾಸಾಯನಿಕ ಬಣ್ಣ. 1856ರಲ್ಲಿ ಇಂಗ್ಲೆಂಡಿನ ಪರ್ಕಿನ್ ಎಂಬ ಹದಿನೆಂಟರ ಹುಡುಗ ಮಲೇರಿಯಾದ ಔಷಧ ಹುಡುಕಲು ಹೋಗಿ ನೇರಳೆ ಬಣ್ಣವನ್ನು ಕಂಡುಹಿಡಿದ. 1897ರಲ್ಲಿ ಜರ್ಮನಿಯ ಕಾರ್ಖಾನೆಯಿಂದ ಕೃತಕ ನೀಲಿ ಮಾರುಕಟ್ಟೆಗೆ ಬಂತು. ಆ ಮೇಲೆ ನಮ್ಮ ನೀಲಿಗಿಡದ ಬೇಸಾಯ ಉಳಿಯಲಿಲ್ಲ. ಹಳೆಯ ನೀಲಿಯ ಹಂಡೆಯಲ್ಲಿ ಅದ್ದಿದ ನೂಲು ಹೊರಗೆ ಬಂದಾಗ ಹಸಿರಾಗಿದ್ದು, ಗಾಳಿ ಸೋಕಿದಂತೆ ನೀಲಿಯಾಗುತ್ತದೆ. ಮತ್ತೆ ಮತ್ತೆ ಅದ್ದಿದರೆ ಕಪ್ಪಿನ ಸಮೀಪಕ್ಕೆ ಹೋಗುತ್ತದೆ. ಅಂಥ ಕಪ್ಪು ಬಣ್ಣಗಳ ಅಭಾವದಿಂದ ಆದದ್ದಲ್ಲ, ಬಣ್ಣ ಸೇರಿ ಸೇರಿ ಆದದ್ದು.

ನಾನು ಬಾಯಿಬಿಟ್ಟು ಕೇಳಿಯೂಬಿಟ್ಟೆ: "ಕಪ್ಪು ಸೀರೆ ನೇಯುವುದಿಲ್ಲವೇ?"

ನೇಕಾರರು ನಗುತ್ತ ಒಂದನ್ನು ಬಿಚ್ಚಿ ಹಾಸಿದರು. ಕಾಡಿಗೆಯಂಥ ಒಡಲು. ಆದರೆ ಸೆರಗು ಅದೇ ಕೆಂಪು! "ಒಡಲು ಯಾವ ಬಣ್ಣಾನ ಇರಲಿರಿ ತಂಗೀ, ಸೆರಗು ಕೆಂಪ ಇರಾಕಬೇಕು. ಬರೇ ಕರೀದು ನಾವು ನೇಯಂಗಿಲ್ಲ."

ಆಗ ಅವ್ವ ಚಂದ್ರಕಾಳಿಯ ಮಾತು ತೆಗೆದಳು. ನಮ್ಮ ಕಡೆ ಮದುವಣಗಿತ್ತಿಗೆ ಚಂದ್ರಕಾಳಿಯೆಂಬ ಕಪ್ಪು ರೇಷ್ಮೆ ಸೀರೆ ಬೇಕೇ ಬೇಕಿತ್ತು. ಅದರ ಮೇಲೆ ಕಸೂತಿ. ಬಟ್ಟೆಯ ಮೇಲೆ ಗೆರೆ ಬರೆದುಕೊಳ್ಳದೆ, ಎಳೆ ಎಣಿಸುತ್ತ, ಗಂಟು ಹಾಕದೆ ತೆಗೆಯುವ ಕೆಲಸ. ಗವಂತಿ, ಮುರಗಿ, ನೇಗಿ, ಮೆಂತಿ ಎಂದು ನಾಲ್ಕು ಹೊಲಿಗೆ. ಅವುಗಳಲ್ಲಿ ಗೋಪುರ, ತೇರು, ಪಲ್ಲಕ್ಕಿ, ಆನೆ ಎಲ್ಲವೂ ಕೆಂಪು, ಹಸಿರು, ಕಿತ್ತಳೆ ದಾರಗಳಲ್ಲಿ ಮೂಡಬೇಕು. ಕಪ್ಪು ಇದ್ದದ್ದು ಆ ಬಣ್ಣಗಳು ಎದ್ದು ಕಾಣಲೆಂದು. ಎರೆಯ ಹೊಲದಂತೆ ಎಂದು ನನಗನ್ನಿಸಿತು. ನಮ್ಮಜ್ಜಿಯ ಪೆಟ್ಟಿಗೆಯಲ್ಲಿ ಅಂಥದೊಂದು ಇತ್ತಂತೆ. ಅದನ್ನು ಅವ್ವ ನನಗೆ ಹೇಳಿದ್ದು ಅದೇ ಮೊದಲು.

ತಂಗಿಗೆ ಗಿರಿಕುಂಕುಮ ಬಣ್ಣದ ಸೀರೆಯಾಯಿತು. ಮದುಮಗಳಿಗೆ ಇಲ್ಲಿ ಇದೇ ಬಣ್ಣ ಸಲ್ಲುವುದು. ಕುಂಕುಮದ ಭರಣಿಯನ್ನೇ ಕದಡಿ ನೂಲಿಗೆ ಹಾಕಿದಂತಿರುತ್ತದೆ. ಆಮೇಲೆ ಅವ್ವ ಒಂದು ದಾಳಿಂಬೆಯ ಸೀರೆಯನ್ನು ಎತ್ತಿ ನನ್ನ ಹೆಗಲ ಮೇಲೆ ಹಾಕಿ ನೋಡಿದಳು. ನಾನು ಬೇಡವೆಂದೆ. ಆಕೆ ಸೀರೆಯನ್ನು ತೆಗೆಯದೆ ನನ್ನ ಮುಖ ನೋಡಿ, "ನಾ ಬಣ್ಣ ಬಿಟ್ಟೀನಿ ಅಂದ್ರ ನನಗೊಂದ ಕಾರಣ ಐತಿ. ನಿನಗೇನಾಗೇತಿ?" ಎಂದಳು.

ಸ್ವಲ್ಪ ಹೊತ್ತು ಲಾಳಿಯ ಸಪ್ಪಳವೂ ನಿಂತಿತು.

ನನ್ನಲ್ಲಿ ಉತ್ತರವಿರಲಿಲ್ಲ. ಆದರೆ ಒಂದು ಕರಾರು ಹೊಳೆಯಿತು. "ನೀ ಒಂದು ತಗೊಂಡ್ರ ನಾನೂ ಉಡ್ತೀನವ್ವ" ಎಂದೆ. ಕಚೇರಿಯಲ್ಲಿ ಕಡತ ಸಾಗಿಸಿ ಸಾಗಿಸಿ ಬಂದ ಬುದ್ಧಿ ಇದು. ನಮ್ಮ ಮೇಜಿನಿಂದ ಆ ಮೇಜಿಗೆ!

ಅವ್ವ ಸಿಟ್ಟಾಗಲಿಲ್ಲ. ಸೀರೆಗಳ ರಾಶಿಯ ಕಡೆ ತಿರುಗಿ ಬಹಳ ಹೊತ್ತು ಕೈಯಾಡಿಸಿದಳು. ಕೊನೆಗೆ ಕಡುಹಸಿರಿನ ಒಂದು ಹತ್ತಿ ಸೀರೆಯ ಮೇಲೆ ಕೈ ನಿಂತಿತು. ಬಿಚ್ಚಿದಳು. ಸೆರಗು ಬಂದಾಗ ಮತ್ತೆ ಮಡಿಚಹತ್ತಿದಳು. "ಚೆಂದ ಐತಿ. ಆದ್ರ ಸೆರಗು ಕೆಂಪಾತು" ಎಂದಳು, ಯಾರಿಗೂ ಅಲ್ಲವೆಂಬಂತೆ.

ಕಂಡಿಕೆ ಸುತ್ತುತ್ತಿದ್ದ ಮನೆಯಾಕೆ ತಲೆಯೆತ್ತಲಿಲ್ಲ. "ಕೆಂಪಿಲ್ದ ಇಳಕಲ್ ಸೀರಿ ಎಲ್ಲಿಂದ ತರೂನ್ರಿ ಅಕ್ಕಾರ? ನಮ್ಮತ್ತಿ ನೋಡ್ರಿ, ನಮ್ಮ ಮಾವ ಹೋಗಿ ಹದಿನೈದ ವರ್ಷಾತು. ಇವನ್ನ ಉಡತಾಳ. ಮಗಾ ನೇಯ್ದದ್ದು, ಬ್ಯಾಡ ಅಂದ್ರ ಅವನ ಕೈಗೆ ಏನ ಮರ್ಯಾದಿ ಉಳೀತು ಅಂತಾಳ" ಎಂದರು.

ಒಳಗಿನಿಂದ ಒಬ್ಬ ಮುದುಕಿ ನಮಗೆಲ್ಲ ಚಹಾ ತಂದರು. ಕೆನ್ನೀಲಿ ಒಡಲು, ಹಳತಾದ ಸೀರೆ. ತಲೆಯ ಮೇಲಿನ ಸೆರಗು ಒಗೆದೊಗೆದು ಮಾಸಿದ್ದರೂ ಕೆಂಪು ಕೆಂಪೇ ಆಗಿತ್ತು. ಅವ್ವ ಲೋಟ ತೆಗೆದುಕೊಳ್ಳುವಾಗ ಆ ಸೆರಗನ್ನೇ ನೋಡಿದಳು. ಇಬ್ಬರೂ ಏನೂ ಮಾತಾಡಲಿಲ್ಲ, ಊರು ಯಾವುದು, ಮಕ್ಕಳೆಷ್ಟು ಎಂಬುದನ್ನು ಬಿಟ್ಟು.

ಮೂರು ಸೀರೆಗಳನ್ನು ಕಟ್ಟಿಸಿಕೊಂಡು ಹೊರಟೆವು. ಬೆಲೆಯ ವಿಷಯ ಇಷ್ಟೇ ಹೇಳುತ್ತೇನೆ: ನಾಲ್ಕು ಕರಿಯ ಕುರ್ತಾಗಳಿಗೆ ನಾನು ಕೊಡುವ ದುಡ್ಡಿನಲ್ಲಿ ಒಂದು ಹತ್ತಿಯ ಇಳಕಲ್ ಬಂದೀತು. ಆದರೆ ಆ ಕುರ್ತಾಗಳು ಎರಡು ವರ್ಷಕ್ಕೆ ಒರಸು ಬಟ್ಟೆ. ಪೇಟೆಯಲ್ಲಿ ಚೌಕಾಸಿ ಮಾಡುವವರು ಒಮ್ಮೆ ಕೊಂಡಿ ಹಾಕುವುದನ್ನು ಕಣ್ಣಾರೆ ನೋಡಿ ಬಂದರೆ ಚೆನ್ನ. ಆಮೇಲೆ ನಾಲಗೆ ಏಳುವುದಿಲ್ಲ.

ದಾಳಿಂಬೆಯ ಸೀರೆಯನ್ನು ನಾನು ಬಂದ ವಾರವೇ ಕಚೇರಿಗೆ ಉಟ್ಟುಕೊಂಡು ಹೋದೆ. ನಮ್ಮ ವಿಭಾಗದ ಜವಾನ ಹೊಸಬರಾರೋ ವರ್ಗವಾಗಿ ಬಂದಿದ್ದಾರೆಂದು ತಿಳಿದು ಎದ್ದು ನಿಂತ. ಮರಾಠಿ ಗೆಳತಿಯರು ಸೆರಗು ಹಿಡಿದು ನೋಡಿದರು. ಅವರ ಮನೆಗಳಲ್ಲಿಯೂ ಅಜ್ಜಿಯರು ಉಡುತ್ತಿದ್ದ ಸೀರೆಯಂತೆ ಇದು. ಕೊಂಡಿಯನ್ನು ಹಿಂಬದಿಯಿಂದ ತೋರಿಸಿ ನಾನೂ ಸ್ವಲ್ಪ ಪಾಂಡಿತ್ಯ ಮೆರೆದೆ. ಕರಿಯ ಬಟ್ಟೆಗಳನ್ನೇನು ಎಸೆದಿಲ್ಲ. ಅವು ಹರಿಯುವವರೆಗೆ ನಡೆಯುತ್ತವೆ. ಆದರೆ ಹೊಸದು ತರುವಾಗ ಕೈ ಈಗ ಬೇರೆ ಕಪಾಟಿನ ಕಡೆ ಹೋಗುತ್ತಿದೆ. ಕಳೆದ ತಿಂಗಳು ಅರಿಸಿನದ್ದೊಂದು, ಆಕಾಶದ್ದೊಂದು.

ಅವ್ವನ ಹಸಿರು ಸೀರೆ ಇನ್ನೂ ಮಡಿಕೆಯಲ್ಲಿಯೇ ಇದೆ. ತಂಗಿಯ ಮದುವೆ ವೈಶಾಖದಲ್ಲಿ. ನಾನು ಕೇಳಲು ಹೋಗಿಲ್ಲ. ಮೊನ್ನೆ ಭಾನುವಾರ ಆಕೆ ತಾನಾಗಿಯೇ ಚೀಲ ಹಿಡಿದು ಓಣಿಯ ದರ್ಜಿಯ ಬಳಿಗೆ ಹೋಗಿಬಂದಳು. ಇಳಕಲ್ಲಿನಿಂದ ಬರುವಾಗ ನನಗೆ ತಿಳಿಯದಂತೆ ಗುಳೇದಗುಡ್ಡದ ಒಂದು ಖಣವನ್ನೂ ಕೊಂಡಿದ್ದಳಂತೆ. ಕುಪ್ಪಸ ಹೊಲಿಯಲು ಕೊಟ್ಟುಬಂದಿದ್ದಾಳೆ. ತೋಳು ಉದ್ದ ಇರಲಿ, ಅಂಚಿನ ಕೆಂಪು ಕತ್ತರಿಯಲ್ಲಿ ಹೋಗದಂತೆ ಹೊಲಿ ಎಂದು ಹೇಳಿದ್ದಾಳಂತೆ.