ಕೆರೆಗೊಂದು ಸುತ್ತು

ಲೋಕದಲ್ಲಿ ಸೈಕಲ್ ಸವಾರಿ ಎರಡು ಬಗೆ. ಒಂದು ಕೆಲಸದ ಸವಾರಿ, ಇನ್ನೊಂದು ಬರಿಯ ಸವಾರಿ. ಹಾಲು ತರಲು, ಜೋಳ ಬೀಸಿಸಿಕೊಂಡು ಬರಲು, ಪರೀಕ್ಷೆಯ ಶುಲ್ಕ ಕಟ್ಟಲು ಸೈಕಲ್ಲು ಹತ್ತುವುದು ಮೊದಲನೆಯ ಬಗೆ. ಇದಕ್ಕೆ ಮನೆಯವರ ಅಪ್ಪಣೆ ಕೇಳಬೇಕಾಗಿಲ್ಲ, ಅವರೇ ಅಟ್ಟುತ್ತಾರೆ. ಎರಡನೆಯದರಲ್ಲಿ ಹೊರಟವರು ಎಲ್ಲಿಗೂ ಹೋಗುವುದಿಲ್ಲ. ಒಂದು ಸುತ್ತು ಹಾಕಿ ಹೊರಟಲ್ಲಿಗೇ ಬಂದು ಇಳಿಯುತ್ತಾರೆ. ಗಂಡುಮಕ್ಕಳು ಇದನ್ನು ಮಾಡಿದರೆ ‘ತಿರುಗಾಟ’ ಎಂದು ಹೆಸರಿದೆ. ಹೆಣ್ಣುಮಕ್ಕಳು ಮಾಡಿದರೆ ಅದಕ್ಕೆ ನಮ್ಮ ಕಡೆ ಇನ್ನೂ ಹೆಸರು ಹುಟ್ಟಿಲ್ಲ. ನಾನು ಬರೆಯಹೊರಟಿರುವುದು ಈ ಹೆಸರಿಲ್ಲದ ಸವಾರಿಯನ್ನು ಕುರಿತು.

ನನ್ನ ಸೈಕಲ್ಲು ಸರಕಾರ ಕೊಟ್ಟದ್ದು. ಸರಕಾರಿ ಶಾಲೆಗಳ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ಲು ಕೊಡುವ ಯೋಜನೆ 2006-07ರಲ್ಲಿ ಮೊದಲಾಯಿತಷ್ಟೆ. ನನ್ನ ಪಾಲಿನದು 2018ರಲ್ಲಿ ಬಂದಿತು. ಅದು ನನ್ನನ್ನು ಹೈಸ್ಕೂಲು ದಾಟಿಸಿತು. ಕಾಲೇಜು ನಡೆದು ಹೋಗುವಷ್ಟೇ ದೂರವಿದ್ದುದರಿಂದ ಆಮೇಲೆ ಅದು ಗೋಡೆಗೆ ಒರಗಿತು. ಹ್ಯಾಂಡಲಿನ ಮೇಲೆ ಟವೆಲುಗಳು ಒಣಗತೊಡಗಿದವು. ಕಳೆದ ವರ್ಷ ಹೊಸ ಟ್ಯೂಬು ಹಾಕಿಸಿ, ಹವಾ ತುಂಬಿಸಿ, ಚೈನಿಗೆ ಎಣ್ಣೆ ಬಿಟ್ಟು ಅದನ್ನು ಅಂಗಳಕ್ಕೆ ತಂದಾಗ ಆಯಿ ಕೇಳಿದಳು:

“ಎಲ್ಲಿ ಹೊಂಟಿ?”

“ಕೆರಿ ಕಡಿ, ಆಯಿ.”

“ಅಲ್ಲೇನು ಕೆಲಸ ಅದ?”

“ಏನೂ ಇಲ್ಲ.”

“ಕೆಲಸ ಇಲ್ಲಂದ್ರ ಯಾಕ ಹೋಗ್ತಿ?”

ಈ ಪ್ರಶ್ನೆಗೆ ತರ್ಕಶಾಸ್ತ್ರದ ಪಂಡಿತರೂ ಥಟ್ಟನೆ ಉತ್ತರ ಕೊಡಲಾರರು. ನನಗೆ ಉತ್ತರ ಹೊಳೆಯುವುದಕ್ಕೆ ಎಷ್ಟೋ ಸುತ್ತುಗಳು ಬೇಕಾದವು.

ದೊಡ್ಡ ನಗರಗಳ ಜನರಿಗೆ ಹೊಳೆಯ ದಂಡೆ ಇದೆ, ದಂಡೆಯುದ್ದಕ್ಕೂ ಉದ್ಯಾನವಿದೆ. ಬಸವಕಲ್ಯಾಣದಲ್ಲಿ ಅಂಥ ಹೊಳೆಯಿಲ್ಲ. ಹಾಗೆಂದು ನಮ್ಮ ತಾಲ್ಲೂಕನ್ನು ಬಡವೆಂದು ಯಾರೂ ತಿಳಿಯಬಾರದು. ಇದು ಹೊಳೆಗಳ ತವರುಮನೆ. ಇಲ್ಲಿ ಹುಟ್ಟುವ ಮುಲ್ಲಾಮಾರಿ ಕಾಗಿಣೆಯನ್ನು ಸೇರಿ, ಭೀಮೆಯ ಮೂಲಕ ಕೃಷ್ಣೆಗೆ ಹೋಗುತ್ತದೆ. ಚುಳುಕಿ ನಾಲೆಯ ನೀರು ಕಾರಂಜಾ, ಮಾಂಜ್ರಾ ನದಿಗಳನ್ನು ಹಾಯ್ದು ಗೋದಾವರಿಗೆ ಸೇರುತ್ತದೆ. ಒಂದೇ ಮೋಡದ ಎರಡು ಹನಿಗಳು ನಮ್ಮ ತಾಲ್ಲೂಕಿನಲ್ಲಿ ಬಿದ್ದು ಎರಡು ಮಹಾನದಿಗಳ ಪಾಲಾಗಬಹುದು! ಹೊಳೆಗಳು ನಮ್ಮಲ್ಲಿ ಹುಟ್ಟುತ್ತವೆ, ಬೆಳೆದ ಮೇಲೆ ನಿಲ್ಲುವುದಿಲ್ಲ. ನಮ್ಮ ಪದವೀಧರರೂ ಹಾಗೆಯೇ. ಪುಣೆಗೋ ಹೈದರಾಬಾದಿಗೋ ಹರಿದುಹೋಗುತ್ತಾರೆ. ಊರಿಗೆ ಉಳಿಯುವುದು ಕೆರೆ. ತ್ರಿಪುರಾಂತ ಕೆರೆಯೇ ನಮ್ಮ ಹೊಳೆ, ಅದರ ದಂಡೆಯೇ ನಮ್ಮ ಉದ್ಯಾನ.

ನನ್ನ ಸುತ್ತು ಕೋಟೆಯ ಕಡೆಯಿಂದ ಮೊದಲಾಗುತ್ತದೆ. ಹನ್ನೊಂದನೆಯ ಶತಮಾನದಲ್ಲಿ ಒಂದನೆಯ ಸೋಮೇಶ್ವರನು ಮಾನ್ಯಖೇಟವನ್ನು ಬಿಟ್ಟು ಕಲ್ಯಾಣವನ್ನು ರಾಜಧಾನಿ ಮಾಡಿಕೊಂಡನು. ಆತನ ಮಗ ಆರನೆಯ ವಿಕ್ರಮಾದಿತ್ಯನು 1076ರಿಂದ 1126ರ ವರೆಗೆ, ಭರ್ತಿ ಐವತ್ತು ವರ್ಷ, ಇಲ್ಲಿಂದ ಆಳಿದನು. ಕಲ್ಯಾಣವು ‘ಬಸವಕಲ್ಯಾಣ’ವಾದದ್ದು 1956ರಲ್ಲಿ. ಇದನ್ನೆಲ್ಲ ಇತಿಹಾಸದ ತರಗತಿಯಲ್ಲಿ ಬರೆದುಕೊಂಡದ್ದುಂಟು. ಆದರೆ ನೋಟ್‌ಬುಕ್ಕಿನಲ್ಲಿ ಏರು-ಇಳುವು ತಿಳಿಯುವುದಿಲ್ಲ. ತುಳಿಯುವ ಕಾಲಿಗೆ ತಿಳಿಯುತ್ತದೆ.

ಅಲ್ಲಿಂದ ತ್ರಿಪುರಾಂತದ ಕಡೆಗೆ ಹೊರಳಿದರೆ ಗಾಳಿ ತಂಪಾಗುತ್ತದೆ. ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಕಟ್ಟಿಸಿದ ಅನುಭವ ಮಂಟಪ, 2021ರ ಜನವರಿಯಲ್ಲಿ ಅಡಿಗಲ್ಲು ಬಿದ್ದ ನೂತನ ಅನುಭವ ಮಂಟಪ, ಶರಣರ ಹೆಸರಿನ ಗವಿಗಳು—ಎಲ್ಲವೂ ಕೆರೆಯ ಆಸುಪಾಸಿನಲ್ಲಿವೆ. ದಾರಿ ಚೆನ್ನಾಗಿರುವಲ್ಲಿ ಸವಾರಿ, ಇಲ್ಲದಲ್ಲಿ ಸೈಕಲ್ಲನ್ನು ತಳ್ಳಿಕೊಂಡು ನಡಿಗೆ. ಹಗ್ಗ ಹೊಸೆಯುತ್ತಿದ್ದ ನುಲಿಯ ಚಂದಯ್ಯನಿಗೊಂದು ಗವಿ. ದೋಣಿ ನಡೆಸುತ್ತಿದ್ದ ಅಂಬಿಗರ ಚೌಡಯ್ಯನಿಗೊಂದು. ಬಸವಣ್ಣನವರ ಅಕ್ಕ, ಚನ್ನಬಸವಣ್ಣನ ತಾಯಿ ನಾಗಮ್ಮನಿಗೊಂದು.

ಆಯಿಯ ಪ್ರಶ್ನೆಗೆ ಉತ್ತರ ಹೊಳೆದದ್ದು ಇಲ್ಲಿಯೇ. ಶರಣರು ಕಾಯಕವನ್ನು ಬಿಟ್ಟವರಲ್ಲ. ಆದರೂ ಹಗ್ಗವನ್ನೂ ಹುಟ್ಟನ್ನೂ ಬದಿಗಿಟ್ಟು, ಹೆಣ್ಣು-ಗಂಡೆಂಬ ಭೇದವಿಲ್ಲದೆ ಕುಳಿತು ಮಾತನಾಡುವುದಕ್ಕೆ ಒಂದು ಮಂಟಪ ಬೇಕೆಂದು ಅವರಿಗೆ ತೋರಿತು. ದುಡಿಯುವವರಿಗೂ ದುಡಿಮೆಯಿಲ್ಲದ ಒಂದು ಗಳಿಗೆ ಬೇಕು. ನಮ್ಮ ಆಯಿಗೆ ಎಪ್ಪತ್ತು ದಾಟಿದೆ. ಕೆರೆಯ ದಂಡೆಗೆ ಅವಳು ನೂರಾರು ಸಲ ಬಂದಿದ್ದಾಳೆ. ಬಟ್ಟೆಯ ಗಂಟಿಲ್ಲದೆ ಒಮ್ಮೆಯೂ ಬಂದಿಲ್ಲ.

ಹುಮನಾಬಾದಿಗೂ ಸೈಕಲ್ಲಿನ ಮೇಲೆ ಹೋಗಬೇಕೆಂಬ ಆಸೆ ನನಗಿತ್ತು. ದೂರ ಸುಮಾರು 30 ಕಿ.ಮೀ. ಆದರೆ ಸಸ್ತಾಪುರ ಬಂಗ್ಲಾದಲ್ಲಿ ಹೆದ್ದಾರಿ ಸಿಗುತ್ತಲೂ ಲಾರಿಗಳ ರಾಜ್ಯ ಮೊದಲಾಗುತ್ತದೆ. ಅಲ್ಲಿ ಧೈರ್ಯಕ್ಕಿಂತ ಬಸ್ಸು ಮೇಲು. ಹುಮನಾಬಾದಿನಲ್ಲಿ ಸೋದರತ್ತೆಯ ಮನೆಯಿದೆ. ಅತ್ತೆಯ ಮಗಳೊಡನೆ, ಎರವಲು ಸೈಕಲ್ಲಿನಲ್ಲಿ ಮಾಣಿಕನಗರಕ್ಕೆ ಹೋದೆ. 1817ರಲ್ಲಿ ನಮ್ಮ ತಾಲ್ಲೂಕಿನ ಲಾಡವಂತಿಯಲ್ಲಿ ಹುಟ್ಟಿದ ಮಾಣಿಕಪ್ರಭುಗಳು ನೆಲೆನಿಂತ ಸ್ಥಳವದು. ವಿರಜಾ, ಗುರುಗಂಗಾ ಎಂಬ ಎರಡು ಪುಟ್ಟ ನದಿಗಳ ಸಂಗಮ. ಮರುದಿನ ಜಲಸಂಗಿಗೆ ಹೋದೆವು. ಚಾಲುಕ್ಯರ ಕಾಲದ ಆ ಗುಡಿಯ ಹೊರಗೋಡೆಯ ತುಂಬ ಕಲ್ಲಿನ ಚೆಲುವೆಯರು. ಅವರಲ್ಲಿ ಒಬ್ಬಳು ಮಾತ್ರ ಬೆನ್ನು ತಿರುಗಿಸಿ ನಿಂತು ಶಾಸನ ಬರೆಯುತ್ತಿದ್ದಾಳೆ, ವಿಕ್ರಮಾದಿತ್ಯನ ಹೊಗಳಿಕೆಯನ್ನು. ಸುಮಾರು ಒಂಬೈನೂರು ವರ್ಷಗಳಿಂದ ಬರೆಯುತ್ತಲೇ ಇದ್ದಾಳೆ. “ಪಾಪ, ಕೈ ನೋಯ್ತಿರಬೇಕು” ಎಂದಳು ಅತ್ತೆಯ ಮಗಳು. ನನಗೆ ಮಾತ್ರ, ಅವಳನ್ನೊಮ್ಮೆ ಹಿಂದಿನ ಕ್ಯಾರಿಯರಿನ ಮೇಲೆ ಕೂರಿಸಿಕೊಂಡು ಸುತ್ತು ಹಾಕಿಸಬೇಕೆನಿಸಿತು.

ಮೊದಮೊದಲು ಕೆರೆಯ ದಾರಿಯಲ್ಲಿ ನನ್ನನ್ನು ಕಂಡವರು “ಯಾರ ಮನಿ ಹುಡುಗಿ?” ಎಂದು ಕೇಳುತ್ತಿದ್ದರು. ಎಮ್ಮೆ ಮೈತೊಳೆಯುವ ಕಾಕಾ ಒಬ್ಬರು ಎರಡು ತಿಂಗಳು ಕೇಳಿ, ಆಮೇಲೆ “ಇವತ್ತು ತಡಾ ಆಯ್ತಲ್ಲ ತಾಯಿ” ಎನ್ನತೊಡಗಿದರು. ಕೇಳುವ ಮಾತು ಹೀಗೆ ಬದಲಾದದ್ದೇ ನನಗೆ ಸಿಕ್ಕ ದೊಡ್ಡ ಬಹುಮಾನ. ಈಗ ನಮ್ಮ ತರಗತಿಯ ಇಬ್ಬರು ಗೆಳತಿಯರೂ ಜೊತೆಗೆ ಬರುತ್ತಾರೆ. ದಂಡೆಯ ಪ್ಲಾಸ್ಟಿಕ್ ಚೀಲಗಳನ್ನು ಕಂಡು ನಮಗೆ ಸಿಟ್ಟು ಬರುತ್ತದೆ. ಮೊದಲು ಬರುತ್ತಿರಲಿಲ್ಲ, ಏಕೆಂದರೆ ಮೊದಲು ಅದು ಯಾರದೋ ಕೆರೆಯಾಗಿತ್ತು.

ಇದು ನನ್ನ ಕಡೆಯ ವರ್ಷ. ಮುಂದಿನ ಸಂಚಿಕೆ ಅಚ್ಚಾಗುವ ಹೊತ್ತಿಗೆ ನೌಕರಿಯೋ ಮದುವೆಯೋ ನನ್ನನ್ನು ಯಾವ ಹೊಳೆಯ ಪಾತ್ರಕ್ಕೆ ಸೇರಿಸಿರುವುದೋ ಹೇಳಬರುವಂತಿಲ್ಲ. ಕಿರಿಯ ಗೆಳತಿಯರಲ್ಲಿ ನನ್ನದೊಂದೇ ಬಿನ್ನಹ: ಒಂದು ಭಾನುವಾರ ಬೆಳಗ್ಗೆ ಗೋಡೆಗೊರಗಿದ ಸೈಕಲ್ಲನ್ನು ಹೊರಗೆ ತನ್ನಿರಿ. ಏನು ಕೆಲಸವೆಂದು ಯಾರಾದರೂ ಕೇಳಿದರೆ “ಏನೂ ಇಲ್ಲ” ಎಂದೇ ಹೇಳಿರಿ; ಸುಳ್ಳು ಕೆಲಸವೊಂದನ್ನು ಕಟ್ಟಿ ಹೇಳಬೇಡಿರಿ. ನನ್ನ ಸೈಕಲ್ಲು ತಂಗಿಯ ಪಾಲಿಗೆ ಹೋಗುತ್ತದೆ. ಅವಳಿಗಾಗಿ ಸೀಟನ್ನು ಎರಡು ಇಂಚು ಇಳಿಸಬೇಕು, ಅಷ್ಟೆ.