ಎಂಟು ತಿಂಗಳು ಅಂದ್ರೆ ಎಷ್ಟು?

ಕಳೆದ ಸೆಮಿಸ್ಟರ್‌ನಲ್ಲಿ ನಮ್ಮ ಹಾಸ್ಟೆಲ್ ರೂಮಿನ ನಾಲ್ವರಲ್ಲಿ ಇಬ್ಬರ ಮನೆಯಿಂದ ಒಂದೇ ಥರದ ಸುದ್ದಿ ಬಂತು. ಒಬ್ಬನ ಅಮ್ಮನಿಗೆ ಸ್ತನ ಕ್ಯಾನ್ಸರ್, ಮೊದಲನೇ ಸ್ಟೇಜ್. ಇನ್ನೊಬ್ಬನ ದೊಡ್ಡಪ್ಪನಿಗೆ ಶ್ವಾಸಕೋಶದ ಕ್ಯಾನ್ಸರ್, ನಾಲ್ಕನೇ ಸ್ಟೇಜ್. ನಾವು ಮೊದಲು ಮಾಡಿದ ಕೆಲಸ, ಗೂಗಲ್ ತೆರೆದದ್ದು.

ಅಮ್ಮ ಫೋನಲ್ಲಿ ಕೇಳಿದ್ರು: "ಡಾಕ್ಟ್ರು ಐದು ವರ್ಷದ ಲೆಕ್ಕ ಹೇಳಿದ್ರು ಕಣೋ. ಅಂದ್ರೆ ನಂಗೆ ಐದೇ ವರ್ಷಾನಾ?"

ಅಲ್ಲ. ಅದು ಎಕ್ಸ್‌ಪೈರಿ ಡೇಟ್ ಅಲ್ಲ, ಅಳತೆಯ ಗುರುತು ಅಷ್ಟೇ. ರೋಗ ಪತ್ತೆಯಾದ ಐದು ವರ್ಷದ ನಂತರ ನೂರಕ್ಕೆ ಎಷ್ಟು ಜನ ಬದುಕಿರುತ್ತಾರೆ ಅನ್ನೋ ಲೆಕ್ಕ. ಹರಡುವ ಮೊದಲೇ ಸಿಕ್ಕ ಸ್ತನ ಕ್ಯಾನ್ಸರ್‌ನಲ್ಲಿ ಹೆಚ್ಚಿನವರು ಆ ಗುರುತು ದಾಟಿ ಮುಂದೆ ಹೋಗುತ್ತಾರೆ. ಅಂಥವರ ಆಯಸ್ಸಿನ ಲೆಕ್ಕದಲ್ಲಿ ವಯಸ್ಸು, ಶುಗರ್, ಹೃದಯ ಎಲ್ಲವೂ ಸೇರುತ್ತವೆ. ಇದನ್ನ ವಿವರಿಸಿದಾಗ ಅಮ್ಮ ಅತ್ತರು, ಆಮೇಲೆ "ಊಟ ಆಯ್ತಾ" ಅಂತ ಕೇಳಿದ್ರು.

ದೊಡ್ಡಪ್ಪನ ವಿಷಯದಲ್ಲಿ ಡಾಕ್ಟರು ಹೇಳಿದ್ದು "ಎಂಟು ತಿಂಗಳು ಇರಬಹುದು" ಅಂತ. ಆಗ ನಮಗೆ ಸಿಕ್ಕಿದ್ದು ಸ್ಟೀಫನ್ ಜೇ ಗೌಲ್ಡ್ ಕಥೆ. 1982ರಲ್ಲಿ ಈ ಹಾರ್ವರ್ಡ್ ವಿಜ್ಞಾನಿಗೆ ಹೊಟ್ಟೆಯ ಮೆಸೊಥೆಲಿಯೋಮ. ಮೀಡಿಯನ್ ಎಂಟೇ ತಿಂಗಳು. ಆದರೆ ಮೀಡಿಯನ್ ಅಂದ್ರೆ ಅರ್ಧ ಜನ ಅದಕ್ಕಿಂತ ಹೆಚ್ಚು ಬದುಕುತ್ತಾರೆ ಅಂತ. ಎಡಗಡೆ ಸೊನ್ನೆಗೇ ಗೋಡೆ, ಬಲಗಡೆ ಉದ್ದನೆಯ ಬಾಲ. ಆ ಬಾಲದಲ್ಲಿ ಅವರು ಇಪ್ಪತ್ತು ವರ್ಷ ಬದುಕಿ 2002ರಲ್ಲಿ ತೀರಿಕೊಂಡರು, ಅದೂ ಬೇರೆ ಕ್ಯಾನ್ಸರ್‌ನಿಂದ.

ಪ್ರಾಬಬಿಲಿಟಿಯಲ್ಲಿ ಓದಿದ್ದು ಕೊನೆಗೂ ಉಪಯೋಗಕ್ಕೆ ಬಂತು ಅಂತ ನಾವು ಹಿಗ್ಗಿದ್ವಿ. "ಟೈಮ್ ಇದೆ ಮಗಾ, ಇಂಟರ್ನಲ್ಸ್ ಮುಗಿಸಿಕೊಂಡು ಹೋಗು" ಅಂದ್ವಿ. ಅವನು ಉಳಿದ. ಆರನೇ ವಾರ ದೊಡ್ಡಪ್ಪ ಹೋದರು. ಇವನು ಊರು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಆಮೇಲೆ ಓದಿದ್ದು: ಗೌಲ್ಡ್‌ಗೆ ಆಗ ನಲವತ್ತು ವರ್ಷ, ರೋಗವೂ ಕೊಂಚ ಬೇಗ ಸಿಕ್ಕಿತ್ತು. ತಾನು ಬಾಲದಲ್ಲಿರಬಹುದು ಅನ್ನೋಕೆ ಅವರಿಗೆ ಕಾರಣಗಳಿದ್ದವು, ದೊಡ್ಡಪ್ಪನಿಗೆ ಇರಲಿಲ್ಲ. ಇನ್ನೊಂದು, 2000ದಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಷಿಕಾಗೊ ಅಧ್ಯಯನ. ಕೊನೆಗಾಲದ ಆರೈಕೆಯಲ್ಲಿದ್ದ 468 ರೋಗಿಗಳ ಬಗ್ಗೆ ವೈದ್ಯರು ಹೇಳಿದ ಅವಧಿ, ನಿಜಕ್ಕಿಂತ ಸರಾಸರಿ ಐದು ಪಟ್ಟಿಗೂ ಹೆಚ್ಚು. ಡಾಕ್ಟರಿಗೂ ಕೆಟ್ಟ ಸಂಖ್ಯೆ ಹೇಳೋಕೆ ಬಾಯಿ ಬರಲ್ಲವೇನೋ.

ಅವನು ನಮ್ಮನ್ನ ಬೈಯಲಿಲ್ಲ. ಬೈದಿದ್ರೆ ಚೆನ್ನಾಗಿತ್ತು. ಮೊದಲ ಸ್ಟೇಜಿನ ಸಂಖ್ಯೆ ಕೇಳಿ ಹೆದರಬೇಡಿ. ನಾಲ್ಕನೆಯದರ ಸಂಖ್ಯೆ ಕೇಳಿ ಕಾಯಬೇಡಿ. ಇಂಟರ್ನಲ್ಸ್‌ಗೆ ರೀಟೆಸ್ಟ್ ಇರುತ್ತೆ, ಅವತ್ತೇ ರಾತ್ರಿ ಬಸ್ ಹತ್ತಿ.