ಮನೆಯ ಕಡತಕ್ಕೊಂದು ಮೊಹರು

ಗಡಿಯ ಈಚೆಗೆ ಬಾಳುವ ನಮ್ಮಂಥ ಕನ್ನಡ ಮನೆತನಗಳಿಗೆ ಕಾಗದಪತ್ರಗಳ ಬೆಲೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಹೊಲದ ಸಾತಬಾರಾ ಉತಾರ ಮರಾಠಿಯಲ್ಲಿ, ಅಜ್ಜನ ಪತ್ರಗಳು ಕನ್ನಡದಲ್ಲಿ, ಮಕ್ಕಳ ಅಂಕಪಟ್ಟಿ ಇಂಗ್ಲಿಷಿನಲ್ಲಿ. ಮೂರನ್ನೂ ಒಂದೇ ಟ್ರಂಕಿನಲ್ಲಿ ಜೋಪಾನ ಮಾಡಿಕೊಂಡು ಬಂದವರು ನಾವು. ಆ ಟ್ರಂಕಿನ ಸ್ಥಾನಕ್ಕೆ ಈಗ ನನ್ನ ಮನೆಯಲ್ಲಿ ಎರಡು ಡಿಸ್ಕುಗಳುಳ್ಳ ಚಿಕ್ಕದೊಂದು ಸರ್ವರ್ ಬಂದಿದೆ. ಕುಪವಾಡ ಎಂಐಡಿಸಿಯಲ್ಲಿರುವ ನನ್ನ ವರ್ಕ್‌ಶಾಪಿನ ನಕಾಶೆಗಳೂ ಅವ್ವ ಹಾಡಿದ ಬೀಸುವ ಪದಗಳ ಧ್ವನಿಮುದ್ರಣವೂ ಅದರಲ್ಲಿಯೇ ಇವೆ.

ಇಂಥ ಸರ್ವರನ್ನು ಮೊದಲ ಸಲ ಬ್ರೌಸರಿನಲ್ಲಿ ತೆರೆದಾಗ ಸಂಪರ್ಕ ಸುರಕ್ಷಿತವಲ್ಲವೆಂಬ ಎಚ್ಚರಿಕೆ ಎದುರಾಗುವುದು ವಾಡಿಕೆ. ನಮ್ಮಲ್ಲಿಯೇ ಇರುವ ಸೋದರತ್ತೆ ಅದನ್ನು ಕಂಡು, “ತಮ್ಮಾ, ಇದು ಒಳಗ ಹೋಗಬ್ಯಾಡ ಅಂತೈತಿ, ಹೋಗ್ಲೇನು?” ಎಂದು ಕೇಳಿದರು. “ಹೋಗ್ರಿ ಅತ್ತಿ, ಇದು ನಮ್ಮ ಮನೀದ” ಎನ್ನುವುದು ಸುಲಭ. ಆದರೆ ಅವರು ಅದೇ ಫೋನಿನಲ್ಲಿ ಬ್ಯಾಂಕಿನ ಪುಟವನ್ನೂ ತೆರೆಯುತ್ತಾರೆ. ಮನೆಯ ಬಾಗಿಲಲ್ಲಿ ಎಚ್ಚರಿಕೆಯನ್ನು ದಾಟಲು ಕಲಿತ ಬೆರಳು ಮೋಸಗಾರನ ಬಾಗಿಲಲ್ಲಿ ತಡೆದು ನಿಂತೀತೇ? ಆದುದರಿಂದ ಎಚ್ಚರಿಕೆಯ ಕಾರಣವನ್ನೇ ನಿವಾರಿಸಬೇಕೆಂದು ನಿಶ್ಚಯಿಸಿದೆ.

ಕಾರಣ ಸರಳವಾದುದು. ಸರ್ವರ್ ತನ್ನ ಗುರುತಿನ ಪ್ರಮಾಣಪತ್ರವನ್ನು ತಾನೇ ಬರೆದುಕೊಂಡಿರುತ್ತದೆ. ನನ್ನ ಹೊಲದ ಉತಾರವನ್ನು ನಾನೇ ಬರೆದು ನಾನೇ ಸಹಿ ಹಾಕಿದರೆ ಯಾವ ಕಚೇರಿ ಒಪ್ಪೀತು? ಬ್ರೌಸರ್ ನಂಬುವ ಮೂರನೆಯವರ ಮೊಹರು ಬೇಕು. ಅಮೆರಿಕದ ‘ಇಂಟರ್‌ನೆಟ್ ಸೆಕ್ಯುರಿಟಿ ರಿಸರ್ಚ್ ಗ್ರೂಪ್’ ಎಂಬ ಲಾಭರಹಿತ ಸಂಸ್ಥೆ ನಡೆಸುವ ‘ಲೆಟ್ಸ್ ಎನ್‌ಕ್ರಿಪ್ಟ್’ 2015ರಿಂದ ಈ ಮೊಹರನ್ನು ಉಚಿತವಾಗಿ ಕೊಡುತ್ತಿದೆ. 2018ರ ಮಾರ್ಚಿನಿಂದ ವೈಲ್ಡ್‌ಕಾರ್ಡ್ ಪ್ರಮಾಣಪತ್ರವನ್ನೂ ಕೊಡುತ್ತಿದೆ. ಹೆಸರಿನ ಮೊದಲಿಗೆ ನಕ್ಷತ್ರ ಚಿಹ್ನೆಯುಳ್ಳ ಈ ಒಂದೇ ಪತ್ರ ‘ಚಿತ್ರ’, ‘ಕಡತ’, ‘ಹಾಡು’ ಎಂದು ನಾವು ಹೆಸರಿಟ್ಟ ವಿಭಾಗಗಳಿಗೆಲ್ಲ ಸಲ್ಲುತ್ತದೆ. ಆದರೆ ನಕ್ಷತ್ರದ ಅಧಿಕಾರ ಒಂದೇ ಮೆಟ್ಟಿಲಿಗೆ. ಮೂಲ ಹೆಸರನ್ನು ಅರ್ಜಿಯಲ್ಲಿ ಬೇರೆಯಾಗಿ ಸೇರಿಸಬೇಕು.

ಖರ್ಚೆಂದರೆ ಸ್ವಂತ ಡೊಮೇನ್ ಹೆಸರಿನ ವಾರ್ಷಿಕ ಶುಲ್ಕ. ಆ ಹೆಸರು ನಮ್ಮ ಕೈಯಲ್ಲಿದೆಯೆಂದು ತೋರಿಸುವ ಬಗೆ ಸೊಗಸಾಗಿದೆ. ಅರ್ಜಿ ಹಾಕಿದೊಡನೆ ಸಂಸ್ಥೆ ಒಂದು ಗುರುತನ್ನು ಕೊಡುತ್ತದೆ. ಅದರಿಂದ ತಯಾರಾದ ಅಕ್ಷರಸಾಲನ್ನು ಡೊಮೇನಿನ ಡಿಎನ್‌ಎಸ್ ವಿವರಗಳಲ್ಲಿ ಟಿಎಕ್ಸ್‌ಟಿ ದಾಖಲೆಯಾಗಿ ಇರಿಸಬೇಕು. ‘ಹೊಲ ನಿನ್ನದಾದರೆ ಈ ಕಲ್ಲನ್ನು ಅದರ ಬದುವಿನಲ್ಲಿ ನೆಟ್ಟು ತೋರಿಸು’ ಎಂದಂತೆ. ಈ ಪರೀಕ್ಷೆಗಾಗಿ ಸಂಸ್ಥೆ ನಮ್ಮ ಸರ್ವರಿನ ಬಳಿಗೆ ಬರುವುದೇ ಇಲ್ಲ. ರೌಟರಿನ ಬಾಗಿಲನ್ನು ಲೋಕಕ್ಕೆಲ್ಲ ತೆರೆಯಬೇಕಾಗಿಲ್ಲ. ಆ ಹೆಸರು ಮನೆಯೊಳಗಿನ ವಿಳಾಸಕ್ಕೇ ಹೋಗಿ ಮುಟ್ಟುವಂತೆ ಡಿಎನ್‌ಎಸ್‌ನಲ್ಲಿ ಬರೆದಿಟ್ಟೆ. ಇನ್ನು ಸರ್ವರನ್ನು ಅಂಕಿಗಳಿಂದಲ್ಲ, ಹೆಸರಿನಿಂದಲೇ ಕರೆಯಬೇಕು. ಪುಣೆ, ಬೆಂಗಳೂರುಗಳಲ್ಲಿರುವ ಮಕ್ಕಳು ವಿಪಿಎನ್ ಎಂಬ ಖಾಸಗಿ ಹಾದಿಯಿಂದ ಒಳಬರುತ್ತಾರೆ.

ಪತ್ರ ದೊರೆತಲ್ಲಿಗೆ ಕೆಲಸ ಮುಗಿಯುವುದಿಲ್ಲ. ಲೆಟ್ಸ್ ಎನ್‌ಕ್ರಿಪ್ಟ್ ಪತ್ರಕ್ಕೆ ಮೊದಲಿನಿಂದ ನಡೆದುಬಂದ ಆಯುಷ್ಯವೇ 90 ದಿನ; 2029ರ ಮಾರ್ಚ್ 15ರಿಂದ ಯಾವ ಸಂಸ್ಥೆಯ ಇಂಥ ಪತ್ರವೂ 47 ದಿನಗಳನ್ನು ಮೀರಬಾರದೆಂದು 2025ರಲ್ಲಿ ಠರಾವಾಗಿದೆ. ಅವಧಿ ತೀರುವ ಮುನ್ನ ಇಮೇಲ್ ಕಳಿಸಿ ನೆನಪಿಸುವ ಸೇವೆಯನ್ನೂ ಲೆಟ್ಸ್ ಎನ್‌ಕ್ರಿಪ್ಟ್ 2025ರ ಜೂನಿನಲ್ಲಿ ನಿಲ್ಲಿಸಿತು. ಆದುದರಿಂದ ಡಿಎನ್‌ಎಸ್ ಸೇವೆಯ ಎಪಿಐ ಕೀಲಿಯನ್ನು ಕೊಟ್ಟು ನವೀಕರಣವನ್ನು ಸರ್ವರಿಗೇ ಒಪ್ಪಿಸುವುದು ಲೇಸು. ಆ ಕೀಲಿಗೆ ಒಂದು ಡೊಮೇನಿನ ಅಧಿಕಾರ ಮಾತ್ರ ಇರಲಿ. ಪ್ರಮಾಣಪತ್ರದ ಖಾಸಗಿ ಕೀಲಿಯಂತೂ ಯಾರ ಕೈಗೂ ಹೋಗಬಾರದು. ಅದು ಕಳುವಾದರೆ ಕದ್ದವನು ಎಲ್ಲ ವಿಭಾಗಗಳ ಸೋಗನ್ನೂ ಹಾಕಬಲ್ಲನು.

ಮೊಹರು ಕಡತವನ್ನು ಕಾಯುವುದಿಲ್ಲವೆಂಬುದನ್ನೂ ಹೇಳಬೇಕು. ಹೆಸರು ನಿಜವಾದುದೆಂದು ಅದು ಸಾರುತ್ತದೆ, ದಾರಿಯಲ್ಲಿ ಮಾತು ಪರರ ಕಿವಿಗೆ ಬೀಳದಂತೆ ನೋಡಿಕೊಳ್ಳುತ್ತದೆ, ಅಷ್ಟೆ. ಡಿಸ್ಕು ಕೆಟ್ಟರೆ ಬೇರೆಡೆ ಇರಿಸಿದ ಪ್ರತಿಯೇ ಗತಿ. ಪಾಸ್‌ವರ್ಡ್ ಗಟ್ಟಿಯಾಗಿರಬೇಕಾದುದೂ ಅಷ್ಟೇ ಅಗತ್ಯ. ಆದರೆ ಎಚ್ಚರಿಕೆ ಕಂಡಲ್ಲಿ ಹಿಂದೆ ಸರಿಯಿರಿ ಎಂಬ ಒಂದೇ ಮಾತನ್ನು ಮನೆಯ ಹಿರಿಯರಿಗೂ ಕಿರಿಯರಿಗೂ ಈಗ ಯಾವ ಅಪವಾದವೂ ಇಲ್ಲದೆ ಹೇಳಬಹುದಾಗಿದೆ. ಟ್ರಂಕಿಗೆ ಬೀಗ ಹಾಕುವುದನ್ನು ಕಲಿಸಿದ ಮನೆತನಗಳು ಇದನ್ನೂ ಕಲಿಸಬೇಕು.